ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ: ಅನುಮಾನದ ಲೆಕ್ಕ ಇಡುವ ರಕ್ಷಣಾ ರೋಬೋಟ್‌ಗಳು

2009ರ ಜೂನ್ 1ರ ನಸುಕಿನಲ್ಲಿ ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೋಗುತ್ತಿದ್ದ ಏರ್ ಫ್ರಾನ್ಸ್ 447 ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಅದರಲ್ಲಿದ್ದ 228 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಮಾನದ ಎರಡು ಬ್ಲ್ಯಾಕ್ ಬಾಕ್ಸ್‌ಗಳಿಗೂ ಪಿಂಗರ್ ಎಂಬ ಪುಟ್ಟ ಸಾಧನ ಅಂಟಿಕೊಂಡಿರುತ್ತದೆ. ನೀರಿಗೆ ಬಿದ್ದ ಮೇಲೆ ಬ್ಯಾಟರಿ ಮುಗಿಯುವವರೆಗೆ, ಅಂದರೆ ಸುಮಾರು ಒಂದು ತಿಂಗಳು, ಅದು ಸದ್ದು ಮಾಡುತ್ತಲೇ ಇರಬೇಕು. ಹಡಗುಗಳು ನೀರಿನೊಳಗೆ ಮೈಕ್ ಇಳಿಬಿಟ್ಟು ಆ ಸದ್ದಿಗೆ ಕಿವಿಗೊಟ್ಟವು. ಏನೂ ಕೇಳಿಸಲಿಲ್ಲ. ಸರಿ, ಇಲ್ಲಿಲ್ಲ ಎಂದುಕೊಂಡು ಮುಂದಿನ ಸುತ್ತುಗಳಲ್ಲಿ ಬೇರೆ ಕಡೆ ಹುಡುಕಿದರು. ಎರಡು ವರ್ಷ ಆಗುತ್ತಾ ಬಂದರೂ ವಿಮಾನ ಸಿಗಲಿಲ್ಲ.

2011ರ ಆರಂಭದಲ್ಲಿ ಮೆಟ್ರಾನ್ ಎಂಬ ಅಮೆರಿಕದ ಸಂಸ್ಥೆಯ ಗಣಿತಜ್ಞರು ಇಡೀ ಹುಡುಕಾಟದ ಲೆಕ್ಕವನ್ನು ಮೊದಲಿಂದ ಹಾಕಿದರು. ಅವರ ಮುಂದಿದ್ದ ಪ್ರಶ್ನೆಗಳಲ್ಲಿ ಒಂದು ತೀರಾ ಸರಳವಾಗಿತ್ತು. ಎರಡೂ ಪಿಂಗರ್ ಕೆಟ್ಟುಹೋಗಿದ್ದರೆ? ಹಾಗಿದ್ದಲ್ಲಿ ‘ಸದ್ದು ಕೇಳಿಸಲಿಲ್ಲ’ ಎನ್ನುವ ಸುದ್ದಿಗೆ ಬೆಲೆಯೇ ಇಲ್ಲ. ಆ ಸಾಧ್ಯತೆಯನ್ನು ಸೇರಿಸಿದ ಕೂಡಲೇ, ವಿಮಾನ ಎಲ್ಲೆಲ್ಲಿ ಎಷ್ಟು ಸಾಧ್ಯ ಎಂದು ತೋರಿಸುವ ನಕ್ಷೆಯ ಬಣ್ಣ ಬದಲಾಯಿತು. ವಿಮಾನ ಕೊನೆಯ ಬಾರಿ ತನ್ನ ಸ್ಥಾನ ತಿಳಿಸಿದ್ದ ಜಾಗದ ಸುತ್ತಮುತ್ತಲೇ, ಅಂದರೆ ಕಿವಿಗೊಟ್ಟು ಬಿಟ್ಟುಬಂದಿದ್ದ ಕಡೆಯೇ, ಸಾಧ್ಯತೆ ಜಾಸ್ತಿ ಎಂದು ಲೆಕ್ಕ ಹೇಳಿತು. ಮಾರ್ಚ್ ಕೊನೆಯಲ್ಲಿ ರೆಮಸ್ 6000 ಎಂಬ ಮೂರು ಜಲರೋಬೋಟ್‌ಗಳನ್ನು ಅಲ್ಲಿ ಇಳಿಸಿದರು. ಸುಮಾರು ಒಂದು ವಾರದಲ್ಲಿ, 3,900 ಮೀಟರ್ ಆಳದಲ್ಲಿ, ವಿಮಾನದ ಅವಶೇಷ ಕಂಡಿತು.

ಅದು ಬರೀ ಶೋಧ, ಜೀವ ಉಳಿಸುವ ಕೆಲಸವಲ್ಲ. ಆದರೂ ಕುಸಿದ ಕಟ್ಟಡದೊಳಗೆ, ಗಣಿಯೊಳಗೆ, ಹೊಗೆ ತುಂಬಿದ ಸುರಂಗದೊಳಗೆ ರೋಬೋಟ್‌ಗಳನ್ನು ಗುಂಪಾಗಿ ಬಿಡುವವರಿಗೆ ಎದುರಾಗುವುದು ಇದೇ ತೊಡಕು. ಸಾಗರದ ತಳದಲ್ಲಿ ಎರಡು ವರ್ಷ ಕಾಯಬಹುದು. ಅವಶೇಷದಡಿ ಸಿಕ್ಕಿಕೊಂಡವರಿಗೆ ಅಷ್ಟು ಹೊತ್ತಿಲ್ಲ. ರಕ್ಷಣೆಯ ಕೆಲಸದಲ್ಲಿರುವವರು ಮೊದಲ 72 ಗಂಟೆಗಳ ಬಗ್ಗೆ ಅಷ್ಟು ಮಾತಾಡುವುದು ಸುಮ್ಮನೆ ಅಲ್ಲ.

ರಕ್ಷಣಾ ರೋಬೋಟ್ ಅಂದ ಕೂಡಲೇ ವಿಡಿಯೊಗಳಲ್ಲಿ ಕಾಣುವುದು ಅದರ ಕಾಲು, ಚಕ್ರ, ರೆಕ್ಕೆ. ಮೆಟ್ಟಿಲು ಹತ್ತಿತು, ಬಿದ್ದು ಎದ್ದಿತು ಎಂದು ಚಪ್ಪಾಳೆ. ಅದು ಕಷ್ಟದ ಕೆಲಸವೇ, ಒಪ್ಪೋಣ. ಆದರೆ ನನಗೆ ಅದಕ್ಕಿಂತ ಕಷ್ಟ ಎನಿಸುವುದು ಕಣ್ಣಿಗೆ ಕಾಣದ ಇನ್ನೊಂದು ಕೆಲಸ. ತನಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದರ ಲೆಕ್ಕ ಇಡುವುದು, ಆ ಲೆಕ್ಕವನ್ನು ಜೊತೆಗಾರರಿಗೆ ಕೆಡದ ಹಾಗೆ ದಾಟಿಸುವುದು.

ಚಿಕ್ಕ ಉದಾಹರಣೆ ನೋಡೋಣ. ಕುಸಿದ ಕಟ್ಟಡದಲ್ಲಿ ಮೂರು ಕೋಣೆಗಳಿವೆ. ಒಬ್ಬರು ಒಳಗೆ ಸಿಕ್ಕಿಕೊಂಡಿರುವುದು ಖಚಿತ, ಎಲ್ಲಿ ಎಂಬುದು ಗೊತ್ತಿಲ್ಲ. ಹೊರಬಂದವರನ್ನು ಕೇಳಿ ಒಂದು ಅಂದಾಜು ಮಾಡಿದ್ದೇವೆ: ಮೊದಲ ಕೋಣೆಯಲ್ಲಿ ಇರುವ ಸಾಧ್ಯತೆ ಶೇ 40, ಎರಡನೆಯದರಲ್ಲಿ ಶೇ 35, ಮೂರನೆಯದರಲ್ಲಿ ಶೇ 25. ರೋಬೋಟ್ ಮೊದಲ ಕೋಣೆಗೆ ಹೋಗಿ ನೋಡುತ್ತದೆ, ಯಾರೂ ಕಾಣುವುದಿಲ್ಲ. ಮನುಷ್ಯರಾದ ನಾವು ಆ ಕೋಣೆಗೆ ಗೀಟು ಹಾಕಿ ಮುಂದೆ ಹೋಗುತ್ತೇವೆ. ರೋಬೋಟ್ ಹಾಗೆ ಮಾಡಬಾರದು. ಆ ದೂಳಿನಲ್ಲಿ ಅದರ ಕ್ಯಾಮೆರಾ 10 ಸಲ ನೋಡಿದರೆ 6 ಸಲ ಮಾತ್ರ ಜನರನ್ನು ಗುರುತಿಸುತ್ತದೆ ಎಂದಿಟ್ಟುಕೊಳ್ಳಿ. ಉಳಿದ 4 ಸಲ ಎದುರಿಗಿದ್ದರೂ ಕಾಣುವುದಿಲ್ಲ. ಹಾಗಾಗಿ ಮೊದಲ ಕೋಣೆಯ 40 ಸೊನ್ನೆಯಾಗುವುದಿಲ್ಲ, 16 ಆಗುತ್ತದೆ. ಮೂರನ್ನೂ ಮತ್ತೆ ನೂರಕ್ಕೆ ಹೊಂದಿಸಿದರೆ ಸುಮಾರು ಶೇ 21, ಶೇ 46, ಶೇ 33. ಈಗ ಎರಡನೇ ಕೋಣೆ ಮೊದಲು ನೋಡಬೇಕಾದದ್ದು. ಆದರೆ ಮೊದಲನೆಯದು ಇನ್ನೂ ಆಟದಲ್ಲಿದೆ. ಉಳಿದೆರಡನ್ನು ನೋಡಿದ ಮೇಲೆ ಮತ್ತೆ ಅಲ್ಲಿಗೇ ಬರಬೇಕಾಗಬಹುದು.

ಇದು ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯ ಬರಹದಿಂದ ಹುಟ್ಟಿದ ಲೆಕ್ಕ. ಅವರು ತೀರಿಕೊಂಡ ಮೇಲೆ, 1763ರಲ್ಲಿ, ಅದು ಅಚ್ಚಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಗಣಿತಜ್ಞ ಬರ್ನಾರ್ಡ್ ಕೂಪ್ಮನ್ ಮತ್ತು ಜೊತೆಗಾರರು ಅಮೆರಿಕದ ನೌಕಾಪಡೆಗಾಗಿ ಹುಡುಕಾಟವನ್ನೇ ಒಂದು ಗಣಿತವಾಗಿ ಕಟ್ಟಿದರು. 1968ರಲ್ಲಿ ಕಳೆದುಹೋದ ಅಮೆರಿಕದ ಸ್ಕಾರ್ಪಿಯನ್ ಜಲಾಂತರ್ಗಾಮಿ ಸಿಕ್ಕಿದ್ದರಲ್ಲೂ ಈ ಲೆಕ್ಕದ ಪಾಲಿತ್ತು. ಗಣಿತ ಹಳೆಯದು. ಹೊಸದೇನೆಂದರೆ, ಈಗ ಆ ಲೆಕ್ಕವನ್ನು ಕತ್ತಲಲ್ಲಿ ನಡೆಯುತ್ತಿರುವ ಯಂತ್ರವೇ ನಡೆಯುತ್ತಾ ನಡೆಯುತ್ತಾ ಹಾಕಬೇಕು. ಅದೂ ಒಂದಲ್ಲ, ಐದಾರು ಯಂತ್ರಗಳು ಒಟ್ಟಿಗೆ.

ಒಟ್ಟಿಗೆ ಎನ್ನುವಲ್ಲೇ ಮೊದಲ ಎಡವಟ್ಟು. ಮೊದಲ ಕೋಣೆಗೆ ಇನ್ನೊಂದು ರೋಬೋಟ್ ಕಳಿಸಿದೆವು, ಅದಕ್ಕೂ ಯಾರೂ ಕಾಣಲಿಲ್ಲ ಎನ್ನಿ. ಸಾಧ್ಯತೆಯನ್ನು ಮತ್ತೆ ಇಳಿಸಬೇಕೆ? ಎರಡನೆಯದರಲ್ಲೂ ಶಾಖವನ್ನು ಗುರುತಿಸುವ ಅದೇ ಥರ್ಮಲ್ ಕ್ಯಾಮೆರಾ ಇದ್ದು, ಅದೇ ಬಾಗಿಲಿನಿಂದ ನೋಡಿದ್ದರೆ, ಅಡ್ಡ ಬಿದ್ದಿರುವ ಕಾಂಕ್ರೀಟ್ ಚಪ್ಪಡಿ ಇಬ್ಬರಿಗೂ ಅಡ್ಡವೇ. ಎರಡನೇ ಸಲ ನೋಡಿದ್ದರಿಂದ ಹೊಸದೇನೂ ತಿಳಿಯಲಿಲ್ಲ. ಮೈಕ್ ಇರುವ ರೋಬೋಟ್ ಹೋಗಿ ಐದು ನಿಮಿಷ ಕಿವಿಗೊಟ್ಟು ಬಂದರೆ ಅದು ಬೇರೆ ಸಾಕ್ಷಿ. ಒಂದೇ ಮಾದರಿಯ ಹತ್ತು ರೋಬೋಟ್‌ಗಳಿಗಿಂತ ಬೇರೆಬೇರೆ ಇಂದ್ರಿಯಗಳಿರುವ ನಾಲ್ಕು ರೋಬೋಟ್‌ಗಳ ತಂಡ ಎಷ್ಟೋ ಸಲ ವಾಸಿ ಎನಿಸುವುದು ಇದಕ್ಕೇ. ಒಂದು ಕಂಡದ್ದರಲ್ಲಿ ತಪ್ಪಿದರೆ ಇನ್ನೊಂದೂ ಅದೇ ಕಾರಣಕ್ಕೆ ತಪ್ಪಬಾರದು.

ಇನ್ನು ಉಲ್ಟಾ ತೊಂದರೆ: ಇಲ್ಲದವರು ಕಾಣುವುದು. ಬಿಸಿಲಿಗೆ ಕಾದ ಇಟ್ಟಿಗೆ, ಬಿಸಿನೀರಿನ ಪೈಪು, ಆಗತಾನೆ ಆರಿದ ಬೆಂಕಿ, ಎಲ್ಲವೂ ಥರ್ಮಲ್ ಕ್ಯಾಮೆರಾಗೆ ಬೆಚ್ಚಗೇ ಕಾಣುತ್ತವೆ. ನೋಡಬೇಕಾದ 200 ಜಾಗಗಳಿವೆ, ಅವುಗಳಲ್ಲಿ 2ರಲ್ಲಿ ಜನರಿದ್ದಾರೆ ಎಂದುಕೊಳ್ಳಿ. ಕ್ಯಾಮೆರಾ ಒಳ್ಳೆಯದೇ. ಜನರಿದ್ದರೆ ಶೇ 90 ಸಲ ಹಿಡಿಯುತ್ತದೆ, ಇಲ್ಲದಿದ್ದಾಗ ಶೇ 5 ಸಲ ಮಾತ್ರ ಸುಳ್ಳು ಕೂಗು ಹಾಕುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಜನರಿಲ್ಲದ 198 ಜಾಗಗಳಿಂದ ಸುಮಾರು 10 ಸುಳ್ಳು ಕೂಗು ಬರುತ್ತದೆ. ನಿಜವಾದದ್ದು ಹೆಚ್ಚೆಂದರೆ 2. ಅಂದರೆ ‘ಇಲ್ಲಿ ಯಾರೋ ಇದ್ದಾರೆ’ ಎಂದು ಬರುವ ಸುದ್ದಿಗಳಲ್ಲಿ ಆರರಲ್ಲಿ ಐದು ಸುಳ್ಳು. ಒಂದೊಂದು ಸುಳ್ಳಿಗೂ ಜನ ಗಂಟೆಗಟ್ಟಲೆ ಕಾಂಕ್ರೀಟ್ ಕೊರೆಯುತ್ತಾರೆ. ಆ ಹೊತ್ತಿನಲ್ಲಿ ಇನ್ನೆಲ್ಲೋ ಒಂದು ಜೀವ ಹೋಗಬಹುದು.

ಹಾಗಾದರೆ ಪ್ರತಿ ಕೂಗನ್ನೂ ಎರಡನೇ ಸೆನ್ಸರಿನಿಂದ ತಾಳೆ ನೋಡೋಣ ಎನ್ನಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯೇ ಇದೆಯಲ್ಲ. ಉಸಿರಿನ ಇಂಗಾಲದ ಡೈಆಕ್ಸೈಡ್ ಪತ್ತೆ ಮಾಡುವ ಸೆನ್ಸರ್ ಹಾಕೋಣ. ಅದು ಜನರಿದ್ದರೆ ಶೇ 70 ಸಲ ಹೌದು ಎನ್ನುತ್ತದೆ, ಇಲ್ಲದಿದ್ದರೆ ಶೇ 10 ಸಲ. ಎರಡೂ ಹೌದು ಎಂದರೆ ಮಾತ್ರ ಅಗೆಯುವುದು ಎಂದು ನಿಯಮ ಮಾಡಿದರೆ ಹತ್ತು ಸುಳ್ಳುಗಳಲ್ಲಿ ಒಂದೇ ಉಳಿಯುತ್ತದೆ. ಭೇಷ್. ಆದರೆ ಜೊತೆಗೇ, ಮೊದಲ ಸೆನ್ಸರಿಗೆ ಸಿಕ್ಕಿದ್ದ ನಿಜವಾದ ಜನರಲ್ಲೂ ಹತ್ತರಲ್ಲಿ ಮೂವರನ್ನು ಈ ನಿಯಮ ಕೈಬಿಡುತ್ತದೆ. ಗಾದೆ ಪಾಲಿಸಿದ್ದಕ್ಕೆ ತೆತ್ತ ಬೆಲೆ ಅದು. ಅದಕ್ಕೇ ಚೆನ್ನಾಗಿ ಕಟ್ಟಿದ ವ್ಯವಸ್ಥೆಗಳು ಹೌದು–ಇಲ್ಲ ಎಂದು ಕತ್ತರಿಸುವುದಿಲ್ಲ. ಎರಡೂ ಸೆನ್ಸರು ಹೌದು ಎಂದ ಜಾಗ ಪಟ್ಟಿಯ ಮೇಲಕ್ಕೆ ಹೋಗುತ್ತದೆ, ಒಂದೇ ಹೌದು ಎಂದದ್ದು ಕೆಳಗೆ ಉಳಿಯುತ್ತದೆ. ಯಾವುದನ್ನೂ ಅಳಿಸುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ: ಗಾಳಿಸುದ್ದಿ.

ರೋಬೋಟ್ ‘ಅ’ ಒಂದು ಮೂಲೆಯಲ್ಲಿ ಏನೋ ಬೆಚ್ಚಗಿರುವುದನ್ನು ಕಂಡಿತು. ಅಷ್ಟೇನೂ ಖಚಿತವಿಲ್ಲ. ಅದು ‘ಬ’ಗೆ ಹೇಳಿತು, ‘ಬ’ ಹೋಗಿ ‘ಕ’ಗೆ ಹೇಳಿತು. ಅರ್ಧ ಗಂಟೆ ಕಳೆದ ಮೇಲೆ ‘ಕ’ ಮತ್ತು ‘ಅ’ ಎದುರಾದವು. ‘ಆ ಮೂಲೆಯಲ್ಲಿ ಯಾರೋ ಇದ್ದಾರೆ’ ಎಂದಿತು ‘ಕ’. ‘ಹೌದಾ? ನನಗೂ ಹಾಗೇ ಅನಿಸಿತ್ತು!’ ಎಂದು ‘ಅ’ ತನ್ನ ನಂಬಿಕೆಯನ್ನು ಏರಿಸಿಕೊಂಡಿತು. ತನ್ನ ಮಾತೇ ಊರು ಸುತ್ತಿ ತನ್ನ ಕಿವಿಗೇ ಬಂದದ್ದು ಅದಕ್ಕೆ ಗೊತ್ತಾಗಲಿಲ್ಲ. ಹೀಗೆ ನಾಲ್ಕು ಸುತ್ತು ಬಂದರೆ ಒಂದು ಮಂಕಾದ ಅನುಮಾನ ಶೇ 99 ಖಚಿತವಾದ ಸತ್ಯವಾಗಿ ನಿಲ್ಲುತ್ತದೆ. ಕಂಡದ್ದು ಒಮ್ಮೆ, ಎಣಿಸಿದ್ದು ನಾಲ್ಕು ಬಾರಿ.

ಕನ್ನಡದಲ್ಲಿ ನಮಗೆ ಇದಕ್ಕೊಂದು ಪುಟ್ಟ ಮದ್ದಿದೆ. ‘ಅಲ್ಲಿ ಇದ್ದಾರೆ’ ಎನ್ನುವುದೇ ಬೇರೆ, ‘ಅಲ್ಲಿ ಇದ್ದಾರಂತೆ’ ಎನ್ನುವುದೇ ಬೇರೆ. ಆ ‘ಅಂತೆ’ ಒಂದಿದ್ದರೆ ಸಾಕು, ಹೇಳಿದವರು ಕಣ್ಣಾರೆ ಕಂಡದ್ದಲ್ಲ, ಯಾರಿಂದಲೋ ಕೇಳಿದ್ದು ಎಂದು ಗೊತ್ತಾಗುತ್ತದೆ. ರೋಬೋಟ್‌ಗಳ ಸಂದೇಶಗಳಿಗೆ ಹಾಕಬೇಕಾದದ್ದೂ ಇಂಥದೇ ಒಂದು ಗುರುತು. ಯಾವ ರೋಬೋಟ್, ಎಷ್ಟು ಹೊತ್ತಿಗೆ, ಯಾವ ಸೆನ್ಸರಿನಿಂದ ಕಂಡದ್ದು ಎಂಬ ಮೂಲ ವಿವರವನ್ನು ಸುದ್ದಿಯ ಜೊತೆಗೇ ಕಳಿಸಿದರೆ ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸುವುದು ತಪ್ಪುತ್ತದೆ. ಆದರೆ ಕುಸಿದ ಕಟ್ಟಡದೊಳಗೆ ಎಲ್ಲ ವಿವರ ಕಳಿಸುವಷ್ಟು ಸಿಗ್ನಲ್ ಇರುವುದಿಲ್ಲ. ಅಂಥ ಹೊತ್ತಿಗೆಂದೇ ಸಂಶೋಧಕರಾದ ಸೈಮನ್ ಜೂಲಿಯರ್ ಮತ್ತು ಜೆಫ್ರಿ ಉಲ್ಮನ್ 1997ರಲ್ಲಿ ಒಂದು ವಿಧಾನ ಕೊಟ್ಟರು. ಎರಡು ಅಂದಾಜುಗಳು ಒಂದೇ ಮೂಲದಿಂದ ಬಂದವೋ ಇಲ್ಲವೋ ಗೊತ್ತಿಲ್ಲದಿದ್ದರೆ, ಅವನ್ನು ಬೆರೆಸುವಾಗ ನಂಬಿಕೆ ಅನ್ಯಾಯವಾಗಿ ಏರದಂತೆ ನೋಡಿಕೊಳ್ಳುವ ಗಣಿತ ಅದು. ತುಸು ಪುಕ್ಕಲು ವಿಧಾನ ಎಂದು ಕೆಲವರಿಗೆ ಅನಿಸಬಹುದು. ಇದ್ದದ್ದಕ್ಕಿಂತ ಕಡಿಮೆ ಧೈರ್ಯ ತೋರಿಸುತ್ತದೆ. ಕಾಂಕ್ರೀಟ್ ಕೊರೆಯುವವರ ಕಡೆಯಿಂದ ನೋಡಿದರೆ ನನಗೆ ಆ ಪುಕ್ಕಲುತನವೇ ಇಷ್ಟ.

ಕಂಡದ್ದು ನಿಜವೇ ಆಗಿದ್ದರೂ ‘ಎಲ್ಲಿ’ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ನೆಲದಡಿ ಜಿಪಿಎಸ್ ಇಲ್ಲ. ರೋಬೋಟ್ ತಾನು ಇಟ್ಟ ಹೆಜ್ಜೆ, ತಿರುಗಿದ ಕೋನ, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್‌ಗೆ ಕಂಡ ಗೋಡೆ ಇವನ್ನೆಲ್ಲ ಕೂಡಿಸಿ ತಾನೆಲ್ಲಿದ್ದೇನೆ ಎಂದು ಊಹಿಸುತ್ತದೆ. ಜೊತೆಗೇ ನಕ್ಷೆಯನ್ನೂ ಬರೆಯುತ್ತಾ ಹೋಗುತ್ತದೆ. ನೂರು ಮೀಟರಿಗೆ ಒಂದು ಮೀಟರ್ ತಪ್ಪಿದರೂ 500 ಮೀಟರ್ ನಡೆದ ಮೇಲೆ 5 ಮೀಟರ್ ಆಚೀಚೆ. 5 ಮೀಟರ್ ಅಂದರೆ ಗೋಡೆಯ ಆಚೆಗಿನ ಕೋಣೆ.

ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2018ರಿಂದ 2021ರವರೆಗೆ ನೆಲದಡಿಯ ಹುಡುಕಾಟಕ್ಕೆಂದೇ ಒಂದು ಸ್ಪರ್ಧೆ ನಡೆಸಿತ್ತು. ಗಣಿ, ಸುರಂಗ, ಗುಹೆಗಳಲ್ಲಿ ಬ್ಯಾಗು, ಮೊಬೈಲು, ಮೈ ಬೆಚ್ಚಗಿರುವ ಗೊಂಬೆ ಮನುಷ್ಯರನ್ನು ಅಡಗಿಸಿಟ್ಟಿದ್ದರು. ವಸ್ತು ಇರುವ ಜಾಗವನ್ನು 5 ಮೀಟರ್ ಒಳಗೆ ಸರಿಯಾಗಿ ಹೇಳಿದರೆ ಮಾತ್ರ ಅಂಕ. ಎಷ್ಟು ಸಲ ವರದಿ ಕೊಡಬಹುದು ಎಂಬುದಕ್ಕೂ ಮಿತಿ. ಕಂಡದ್ದನ್ನೆಲ್ಲ ಕೂಗಿಬಿಡುವಂತಿಲ್ಲ. ಈ ಒಂದು ನಿಯಮ ಅನುಮಾನಕ್ಕೆ ಬೆಲೆ ಕಟ್ಟಿತು ಎಂದು ನನಗನಿಸುತ್ತದೆ. ಶೇ 60 ಖಚಿತವಿರುವ ವರದಿಯನ್ನು ಈಗಲೇ ಖರ್ಚು ಮಾಡುವುದೋ, ಇನ್ನೊಂದು ರೋಬೋಟ್ ಹೋಗಿ ನೋಡಿ ಬರಲಿ ಎಂದು ಕಾಯುವುದೋ? ಕೆಂಟಕಿಯ ಲೂಯಿವಿಲ್‌ನ ಒಂದು ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿ 2021ರ ಸೆಪ್ಟೆಂಬರಿನಲ್ಲಿ ಫೈನಲ್ ನಡೆಯಿತು. ಸರ್ಬರಸ್ ತಂಡ ಮತ್ತು ಆಸ್ಟ್ರೇಲಿಯದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ತಂಡ ಎರಡೂ 23 ಅಂಕದಲ್ಲಿ ಸಮ ನಿಂತವು. ಕಡೆಯ ಅಂಕವನ್ನು ಮೊದಲು ಗಳಿಸಿದ್ದಕ್ಕೆ ಸರ್ಬರಸ್ ಗೆದ್ದಿತು.

ನಕ್ಷೆಯ ಇನ್ನೊಂದು ಕಾಟವೆಂದರೆ ಒಂದೇ ಥರ ಕಾಣುವ ಜಾಗಗಳು. ಎರಡು ಮಹಡಿಗಳ ಮೊಗಸಾಲೆ ತದ್ರೂಪ ಇದ್ದರೆ, ‘ಅರೆ, ನಾನು ಮೊದಲು ಬಂದ ಜಾಗಕ್ಕೇ ಬಂದೆ’ ಎಂದು ರೋಬೋಟ್ ತಪ್ಪು ತಿಳಿದು ಎರಡನ್ನೂ ಒಂದಕ್ಕೊಂದು ಹೊಲಿದುಬಿಡುತ್ತದೆ. ಒಂದು ತಪ್ಪು ಹೊಲಿಗೆಗೆ ಇಡೀ ನಕ್ಷೆ ಮುದುರುತ್ತದೆ. ಇಬ್ಬರ ನಕ್ಷೆ ಕೂಡಿಸುವಾಗ ಈ ಅಪಾಯ ಇನ್ನೂ ಜಾಸ್ತಿ, ಏಕೆಂದರೆ ಇಬ್ಬರೂ ಎಲ್ಲಿಂದ ಹೊರಟರು ಎಂಬುದೇ ಒಂದು ಊಹೆ. ಈಗಿನ ವ್ಯವಸ್ಥೆಗಳು ಅನುಮಾನವಿರುವ ಹೊಲಿಗೆಗಳನ್ನು ಸಡಿಲವಾಗಿ ಇಟ್ಟುಕೊಳ್ಳುತ್ತವೆ. ಉಳಿದ ಹೊಲಿಗೆಗಳ ಜೊತೆ ಹೊಂದದಿದ್ದರೆ ಬಿಚ್ಚಿ ಹಾಕುತ್ತವೆ.

ಇಷ್ಟೆಲ್ಲ ಮಾಡಲು ಮಾತುಕತೆ ಬೇಕು. ದಪ್ಪ ಕಾಂಕ್ರೀಟಿನೊಳಗೆ ರೇಡಿಯೊ ಅಲೆ ಹೆಚ್ಚು ದೂರ ಹೋಗುವುದಿಲ್ಲ. ಫುಕುಶಿಮಾ ಅಣುಸ್ಥಾವರದೊಳಗೆ 2011ರಲ್ಲಿ ಕಳಿಸಿದ ಜಪಾನಿನ ಕ್ವಿನ್ಸ್ ರೋಬೋಟ್ ಹಿಂದೆ ಉದ್ದನೆಯ ಕೇಬಲ್ ಎಳೆದುಕೊಂಡೇ ಹೋಗುತ್ತಿತ್ತು. ಆ ಅಕ್ಟೋಬರಿನಲ್ಲಿ ಕೇಬಲ್ ಕೈಕೊಟ್ಟಿತು. ರೋಬೋಟ್ ಎರಡನೇ ರಿಯಾಕ್ಟರಿನ ಕಟ್ಟಡದೊಳಗೇ ಉಳಿಯಿತು. ಡಾರ್ಪಾ ಸ್ಪರ್ಧೆಯ ರೋಬೋಟ್‌ಗಳು ಬೇರೆ ಉಪಾಯ ಮಾಡಿದ್ದವು. ದಾರಿಯುದ್ದಕ್ಕೂ ಪುಟ್ಟ ರೇಡಿಯೊ ಪೆಟ್ಟಿಗೆಗಳನ್ನು ಉದುರಿಸುತ್ತಾ ಹೋದವು. ಪೆಟ್ಟಿಗೆ ಮುಗಿದ ಮೇಲೆ? ಸಿಗ್ನಲ್ ಇಲ್ಲದ ಕಡೆಗೆ ಒಬ್ಬಂಟಿಯಾಗಿ ಹೋಗಿ, ನೋಡಿ, ಸುದ್ದಿ ಹೇಳಲು ವಾಪಸ್ ಬರಬೇಕು.

ಸಿಗ್ನಲ್ ಇಲ್ಲದಾಗ ಅನುಮಾನಕ್ಕೆ ಇನ್ನೊಂದು ಪದರ ಸೇರುತ್ತದೆ. ಹತ್ತು ನಿಮಿಷದಲ್ಲಿ ಮೆಟ್ಟಿಲ ಬಳಿ ಸಿಗೋಣ ಎಂದಿದ್ದ ಜೊತೆಗಾರ ಬರಲಿಲ್ಲ. ಸಿಕ್ಕಿಕೊಂಡಿತೆ? ಬ್ಯಾಟರಿ ಮುಗಿಯಿತೆ? ಯಾರನ್ನೋ ಕಂಡು ಅಲ್ಲೇ ನಿಂತಿದೆಯೆ? ಮೌನವೂ ಒಂದು ಸುದ್ದಿಯೇ, ಆದರೆ ಅದಕ್ಕೆ ಹತ್ತು ಅರ್ಥ. ‘ಅದಕ್ಕೆ ಏನು ಗೊತ್ತಿದೆ, ನನಗೇನು ಗೊತ್ತಿದೆ ಎಂದು ಅದು ಅಂದುಕೊಂಡಿದೆ’ ಎಂದು ಯೋಚಿಸುತ್ತಾ ಹೋದರೆ ಕೊನೆಯೇ ಇಲ್ಲ. ಒಂದು ರೋಬೋಟ್ ಅರೆಬರೆ ಕಾಣುವ ಜಗತ್ತಿನಲ್ಲಿ ಮುಂದಿನ ಹೆಜ್ಜೆ ಲೆಕ್ಕ ಹಾಕುವುದೇ ಕಂಪ್ಯೂಟರಿಗೆ ಬಲು ಭಾರ. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಡೇನಿಯಲ್ ಬರ್ನ್‌ಸ್ಟೈನ್, ಶ್ಲೋಮೊ ಜಿಲ್ಬರ್‌ಸ್ಟೈನ್ ಮತ್ತು ಸಂಗಡಿಗರು ಇನ್ನೂ ಕೆಟ್ಟ ಸುದ್ದಿ ಕೊಟ್ಟರು. ತಂಡದಲ್ಲಿ ಬರೀ ಎರಡು ರೋಬೋಟ್ ಇದ್ದು, ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ಕಾಣದಿದ್ದರೆ, ಇಬ್ಬರಿಗೂ ಅತ್ಯುತ್ತಮವಾದ ಯೋಜನೆ ಹುಡುಕುವ ಲೆಕ್ಕ ಇನ್ನೂ ಹಲವು ಪಟ್ಟು ಕಠಿಣ ವರ್ಗಕ್ಕೆ ಹಾರುತ್ತದೆ ಎಂದು ಸಾಧಿಸಿ ತೋರಿಸಿದರು. ಎಷ್ಟೇ ವೇಗದ ಚಿಪ್ ಬಂದರೂ ದೊಡ್ಡ ಕಟ್ಟಡಕ್ಕೆ ಪೂರ್ತಿ ಸರಿಯಾದ ಉತ್ತರ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ.

ಹಾಗಾಗಿ ಎಲ್ಲರೂ ‘ಇಷ್ಟಾದರೆ ಸಾಕು’ ಎನ್ನುವ ದಾರಿ ಹಿಡಿದಿದ್ದಾರೆ. ಹರಾಜು ಅವುಗಳಲ್ಲಿ ಒಂದು. ಹೊಸ ಕೋಣೆ ಕಂಡರೆ ಪ್ರತಿ ರೋಬೋಟೂ ‘ನಾನು ಹೋದರೆ ಇಷ್ಟು ಖರ್ಚು, ಇಷ್ಟು ಲಾಭ’ ಎಂದು ಕೂಗುತ್ತದೆ. ಒಳ್ಳೆಯ ಕೂಗಿಗೆ ಕೆಲಸ. ಸಿಗ್ನಲ್ ಕಡಿದರೆ ಕೈಯಲ್ಲಿರುವ ಕೆಲಸ ಮುಗಿಸಿ, ಮೊದಲೇ ಗೊತ್ತು ಮಾಡಿದ ಜಾಗಕ್ಕೆ ಬರುವುದು. ಇದು ಅತ್ಯುತ್ತಮವಲ್ಲ, ಆದರೆ ಕೆಟ್ಟರೂ ಪೂರ್ತಿ ಕೆಡುವುದಿಲ್ಲ.

ಲಾಭ ಎಂದರೇನು ಎಂಬಲ್ಲಿ ಮಾತ್ರ ಹುಷಾರಾಗಿರಬೇಕು. ಎಲ್ಲಿಗೆ ಹೋದರೆ ಅನುಮಾನ ಎಲ್ಲಕ್ಕಿಂತ ಜಾಸ್ತಿ ತಗ್ಗುತ್ತದೋ ಅಲ್ಲಿಗೆ ಹೋಗು ಎಂದು ರೋಬೋಟ್‌ಗೆ ಹೇಳುವುದು ವಾಡಿಕೆ. ಕೇಳಲು ಸರಿಯೆನಿಸುತ್ತದೆ. ಆದರೆ ಯಾರೂ ಇರಲು ಸಾಧ್ಯವೇ ಇಲ್ಲದ ದೊಡ್ಡ ಗೋದಾಮಿನ ನಕ್ಷೆ ಬರೆದರೂ ಅನುಮಾನ ಕಡಿಮೆಯಾಗುತ್ತದೆ. ನಕ್ಷೆ ಚಂದವಾಗುತ್ತದೆ, ಜೀವ ಉಳಿಯುವುದಿಲ್ಲ. ಎಲ್ಲಿ ಅಗೆಯಬೇಕು ಎಂಬ ತೀರ್ಮಾನವನ್ನು ಬದಲಿಸಬಲ್ಲ ಅನುಮಾನ ಮಾತ್ರ ಕಳೆಯಲು ಯೋಗ್ಯ. ಈ ವ್ಯತ್ಯಾಸವನ್ನು ಪ್ರೋಗ್ರಾಮಿನಲ್ಲಿ ಬರೆಯುವುದು ಇನ್ನೂ ಸಲೀಸಾಗಿಲ್ಲ.

ಆ ತೀರ್ಮಾನ ತೆಗೆದುಕೊಳ್ಳುವವರು ಈಗಲೂ ಮನುಷ್ಯರೇ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಅವಶೇಷದೊಳಗೆ ರೋಬೋಟ್ ವಿಜ್ಞಾನಿ ರಾಬಿನ್ ಮರ್ಫಿ ಮತ್ತಿತರರು ಪುಟ್ಟ ರೋಬೋಟ್‌ಗಳನ್ನು ಇಳಿಸಿದ್ದರು. ಅಂಥ ದುರಂತದಲ್ಲಿ ರೋಬೋಟ್ ಬಳಸಿದ್ದು ಅದೇ ಮೊದಲು ಎನ್ನುತ್ತಾರೆ. ಜೀವಂತ ಇದ್ದವರು ಅವಕ್ಕೆ ಯಾರೂ ಸಿಗಲಿಲ್ಲ. ಆಗ ಒಂದು ರೋಬೋಟಿನ ಕ್ಯಾಮೆರಾದಲ್ಲಿ ಬರುವುದನ್ನು ಒಬ್ಬರು ಕೂತು ನೋಡಬಹುದಿತ್ತು. ಡಾರ್ಪಾ ಸ್ಪರ್ಧೆಯಲ್ಲಿ ಇಡೀ ರೋಬೋಟ್ ತಂಡಕ್ಕೆ ಒಬ್ಬರೇ ಮೇಲ್ವಿಚಾರಕರು. ಅಂಥವರ ಪರದೆಯ ಮೇಲೆ ರೋಬೋಟ್‌ಗಳು ಕಂಡದ್ದೆಲ್ಲ ಚುಕ್ಕಿಗಳಾಗಿ ಮೂಡುತ್ತದೆ. ಪ್ರತಿ ಚುಕ್ಕಿಯ ಪಕ್ಕ, ಶೇಕಡಾ ಎಷ್ಟು ಖಚಿತ ಎಂಬ ಒಂದು ಅಂಕಿ. ದಣಿದ ಕಣ್ಣಿಗೆ 62ಕ್ಕೂ 71ಕ್ಕೂ ಏನು ವ್ಯತ್ಯಾಸ? ‘ಇಲ್ಲಿ ಎರಡು ಬೇರೆ ಸೆನ್ಸರು ಹೌದು ಎಂದಿವೆ, ಮೂರನೆಯದು ಇನ್ನೂ ನೋಡಿಲ್ಲ’ ಎಂದು ಹೇಳುವ ಪರದೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಮೆರಿಕದ ರಕ್ಷಣಾ ತಂಡಗಳು ಕಟ್ಟಡವೊಂದನ್ನು ಹುಡುಕಿ ಮುಗಿಸಿದ ಮೇಲೆ ಬಾಗಿಲ ಪಕ್ಕದ ಗೋಡೆಗೆ ಸ್ಪ್ರೇ ಪೇಂಟಿನಲ್ಲಿ ದೊಡ್ಡದೊಂದು ಗುಣಾಕಾರದ ಗುರುತು ಬರೆಯುತ್ತವೆ. ಎಡಕ್ಕೆ ತಂಡದ ಹೆಸರು. ಮೇಲೆ ಹೊರಬಂದ ದಿನ, ಹೊತ್ತು. ಬಲಕ್ಕೆ ಒಳಗಿರುವ ಅಪಾಯ. ಕೆಳಗೆ ಸಿಕ್ಕವರ ಸಂಖ್ಯೆ, ಬದುಕಿದ್ದವರು ಇಷ್ಟು, ಸತ್ತವರು ಇಷ್ಟು. ಹಿಂದೆ ಬರುವ ತಂಡಕ್ಕೆ ಒಂದೇ ನೋಟದಲ್ಲಿ ಎಲ್ಲ ತಿಳಿಯಲಿ ಎಂದು ಮಾಡಿದ ಏರ್ಪಾಡು, ಕೆಲಸಕ್ಕೆ ಬರುವಂಥದ್ದೇ. ಆದರೆ ಕೆಳಗಿನ ಮೂಲೆಯಲ್ಲಿ ಸೊನ್ನೆ ಇದ್ದರೆ, ಎಷ್ಟು ಹೊತ್ತು ಹುಡುಕಿದರು, ಯಾವುದರಿಂದ ಹುಡುಕಿದರು, ಇದ್ದೂ ಕಾಣದೆ ಹೋಗುವ ಸಾಧ್ಯತೆ ಎಷ್ಟಿತ್ತು ಎಂದು ಬರೆಯಲು ಆ ಗೋಡೆಯ ಮೇಲೆ ಐದನೇ ಮೂಲೆ ಇಲ್ಲ.